ಹೊಸ್ತಿಲಿಂದ ಇಪ್ಪತ್ತು ಹೆಜ್ಜೆ

ಆಳಂದ
16 ಫೆಬ್ರುವರಿ 2025

ಅಕ್ಕ ಶಾರದಾಬಾಯಿಗೆ ತಮ್ಮ ನಾಗಣ್ಣನ ಶರಣು.

ಮೂವತ್ತೇಳು ವರ್ಷ ಊರವರ ಪತ್ರ ಹಂಚಿ ಹಂಚಿ ಕಳೆದ ತಿಂಗಳ ಕೊನೆಗೆ ಅಂಚೆ ಚೀಲ ಕೆಳಗಿಟ್ಟೆ. ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ ಗಡಿಯಾರ ಕೊಡಬೇಕೆಂದು ಯಾರಿಗೆ ಹೊಳೆಯಿತೋ. ನಿನ್ನ ಕಿವಿ ಪೂರ್ತಿ ಹೋದ ಮೇಲೆ ಫೋನಿನಲ್ಲಿ ಕೂಗಿ ನನ್ನ ಗಂಟಲು ಕೆಟ್ಟಿದ್ದು ಸಾಕು. ಇಬ್ಬರಿಗೂ ಪತ್ರವೇ ಸರಿ, ಅದರ ಹಾದಿ ನನಗೆ ಗೊತ್ತು.

ಈಗ ಸುದ್ದಿ. ನಮ್ಮ ಹಿತ್ತಲಿನಲ್ಲಿ ಆಟದ ಕೋರ್ಟ್ ಹಾಕಿಸುತ್ತಿದ್ದೇನೆ. ನಗಬೇಡ. ಮೊಮ್ಮಗಳು ಸೃಷ್ಟಿಗೆ ಹತ್ತು ತುಂಬಿತು. ರಬ್ಬರ್ ರಿಂಗನ್ನು ನೆಟ್ಟಿನ ಮೇಲಿಂದ ಎಸೆದು ಹಿಡಿಯುತ್ತಾರಲ್ಲ, ಟೆನಿಕಾಯಿಟ್, ಅದರಲ್ಲಿ ಅವಳನ್ನು ಹಿಡಿಯುವವರು ತಾಲೂಕಿನಲ್ಲಿ ಇಲ್ಲ. ಆಗಸ್ಟಿನಲ್ಲಿ ಜಿಲ್ಲಾ ಆಯ್ಕೆ ಇದೆ. ಶಾಲೆಯ ಬಯಲಿನಲ್ಲಿ ಹೊಸ ಖೋಲಿ ಕಟ್ಟುತ್ತಿದ್ದಾರೆ, ಅಲ್ಲಿ ಉಸುಕು ಕಬ್ಬಿಣ ಬಿದ್ದಿದೆ. ಹುಡುಗಿ ಎಲ್ಲಿ ಆಡಬೇಕು? ಕೋರ್ಟಿಗೆ ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ ಬೇಕು. ನಮ್ಮ ಹಿತ್ತಲು ಐವತ್ತೆರಡಕ್ಕೆ ಇಪ್ಪತ್ನಾಲ್ಕು. ಅಳತೆಗೇ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಗವಂಡಿ ಖಾಜಾ ಬಂದು ನೋಡಿದ. ನೆಲ ಅಗೆದು, ಮುರುಮು ಹಾಕಿ, ರೋಲರ್ ಓಡಿಸಿ, ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಹಿಂದಿನ ಗೋಡೆಗೆ ಬಿಳಿ ಸುಣ್ಣ ಹೊಡೆಸಿ ಅಪ್ಪನ ಹೆಸರು ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ. ಅಪ್ಪನ ಹೆಸರಿನಲ್ಲಿ ಊರಿನಲ್ಲಿ ಒಂದು ಕಲ್ಲೂ ಇಲ್ಲ, ಅದು ನನಗೆ ಮೊದಲಿನಿಂದಲೂ ಕೊರೆಯುತ್ತಿತ್ತು.

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಪುರಸಭೆಯಲ್ಲಿ ಖಾತೆ ನನ್ನ ಹೆಸರಿಗೆ ಆಗಬೇಕಾದರೆ ನಿನಗೆ ಹಕ್ಕು ಬೇಡ ಎಂದು ನೀನು ಸಹಿ ಮಾಡಿಕೊಡಬೇಕು. ಗುರುತು ಹಾಕಿದ ಎರಡು ಕಡೆ ಸಹಿ ಮಾಡಿ ಕಳಿಸು. ಬಸವೇಶ್ವರಿ ನಿನ್ನನ್ನು ಕೇಳಿದ್ದಾಳೆ. ಹೆಂಡತಿ ಕೇಳಿದಳೆಂದು ಬರೆಯದಿದ್ದರೆ ನನಗೆ ಚಹಾ ಸಿಗುವುದಿಲ್ಲ.

ನಿನ್ನ ನಾಗಣ್ಣ


ಕೊಳಕೂರ
27 ಫೆಬ್ರುವರಿ 2025

ನಾಗಣ್ಣನಿಗೆ ಅಕ್ಕನ ಆಶೀರ್ವಾದ.

ಪತ್ರ ಬಂತು. ಸೃಷ್ಟಿಯ ಸುದ್ದಿ ಓದಿ ಖುಷಿಯಾಯಿತು. ಅವಳ ಕೈ ಗಟ್ಟಿ ಎಂದು ತೊಟ್ಟಿಲಿನಲ್ಲಿದ್ದಾಗಲೇ ಹೇಳಿದ್ದೆ, ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ.

ಕೆಲಸ ಹಿಡಿಯುವ ಮುಂಚೆ ಒಂದು ಮಾತು ಕೇಳು. ಆ ಹಿತ್ತಲಿನಲ್ಲಿ ಹಗೇವು ಇದೆ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕುಣಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಖೋಲಿಯಷ್ಟು. ಅದನ್ನು ಮುಚ್ಚಿದಾಗ ನೀನು ಏಳು ವರ್ಷದವನು, ನಿನಗೆ ಸರಿಯಾಗಿ ನೆನಪಿರಲಿಕ್ಕಿಲ್ಲ. ಹಿಂದಿನ ಬಾಗಿಲ ಹೊಸ್ತಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಡೆದರೆ ಇಪ್ಪತ್ತು ಹೆಜ್ಜೆ. ಖಾಜಾಗೆ ತೋರಿಸು. ಅದನ್ನು ಹುಡುಕಿ, ಬಾಯಿ ತೆಗೆದು, ಪೂರ್ತಿ ತುಂಬಿಸಿ, ಆಮೇಲೆ ಏನು ಬೇಕೋ ಹಾಕಿಸು. ಅದಾಗುವ ತನಕ ಹುಡುಗಿಯನ್ನು ಅಲ್ಲಿ ಬಿಡಬೇಡ.

ಮಹೇಶಕುಮಾರ ಹೊಲಕ್ಕೆ ಹೋಗಿದ್ದಾನೆ, ಅವನು ಬಂದರೆ ಈ ಪತ್ರ ಜೇವರ್ಗಿಯ ಅಂಚೆಗೆ ಹೋಗುತ್ತದೆ. ನನ್ನ ಮಗ ದನ ಕಟ್ಟಿದರೂ ಫೋನ್ ನೋಡುತ್ತಲೇ ಕಟ್ಟುತ್ತಾನೆ.

ಶಾರದಾಬಾಯಿ


ಆಳಂದ
8 ಮಾರ್ಚ್ 2025

ಅಕ್ಕನಿಗೆ,

ನಿನ್ನ ಮಾತು ನೆಲಕ್ಕೆ ಬೀಳಿಸಲಿಲ್ಲ. ಪತ್ರ ಬಂದ ದಿನವೇ ಖಾಜಾನನ್ನು ಕರೆಸಿ, ಹೊಸ್ತಿಲಿಗೆ ಹಿಮ್ಮಡಿ ಹಚ್ಚಿ ನಾನೇ ಇಪ್ಪತ್ತು ಹೆಜ್ಜೆ ನಡೆದೆ. ಹಿಂದಿನ ಗೋಡೆಗೆ ನಾಲ್ಕು ಅಡಿ ಇರುವಾಗ ಇಪ್ಪತ್ತು ಮುಗಿಯಿತು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಕಲ್ಲು ಸರಿಸಿ ಮೂರು ಅಡಿ ಅಗೆಸಿದೆ. ಹಾರೆ ಬಡಿದರೆ ಕೈ ಜುಮ್ಮೆನ್ನುವ ಗಟ್ಟಿ ನೆಲ. ಖಾಜಾ ಹಣೆ ಒರೆಸಿಕೊಂಡು, "ಸಾಹೇಬ್ರ, ಇದು ಅಜ್ಜನ ಕಾಲದಿಂದ ಯಾರೂ ಮುಟ್ಟಲಾರದ ನೆಲ ಅದ್ರಿ. ನಿಮ್ಮ ಅಕ್ಕಾರಿಗಿ ಬ್ಯಾರೆ ಯಾರದರ ಹಿತ್ತಲ ನೆನಪಾಗಿರಬೇಕ್ರಿ," ಎಂದ.

ಇದ್ದರೂ ಅದು ಕೋರ್ಟಿನ ಗೆರೆಯ ಆಚೆ ಬೀಳುತ್ತದೆ, ನಮಗೇನು ಸಂಬಂಧ? ಮೇಲಾಗಿ ಹಗೇವನ್ನು ಅಪ್ಪ ಎರಡು ಬಂಡಿ ಮುರುಮು ಹಾಕಿ ತುಂಬಿಸಿದ್ದ ಎಂದೇ ನಾನು ತಿಳಿದವನು. ಅರ್ಧ ಕೆಲಸ ಮಾಡುವ ಮನುಷ್ಯನಾಗಿರಲಿಲ್ಲ ಅವನು. ಎಪ್ಪತ್ತೆರಡರ ಬರ ನೆನಪಿದೆಯಾ? ಓಣಿಯಲ್ಲಿ ಒಲೆ ಹೊಗೆ ಕಾಣದ ದಿನ ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ. ಎಲ್ಲಿಂದಲೋ ಜೋಳ ತಂದ. ಆ ರೊಟ್ಟಿಯ ರುಚಿ ಇನ್ನೂ ನನ್ನ ನಾಲಗೆಯ ಮೇಲಿದೆ. ಅದಕ್ಕೇ ಗೋಡೆಯ ಮೇಲೆ ಅವನ ಹೆಸರು.

ನೀನು ಇಷ್ಟೆಲ್ಲ ಬರೆದೆ, ಸಹಿಯ ಕಾಗದದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಮರೆತಿರಬೇಕು ಎಂದುಕೊಂಡಿದ್ದೇನೆ.

ನಾಗಣ್ಣ


ಕೊಳಕೂರ
20 ಮಾರ್ಚ್ 2025

ನಾಗಣ್ಣ,

ಇಪ್ಪತ್ತೇ. ನನ್ನ ಲೆಕ್ಕ ತಪ್ಪಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ನಾನು ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಇನ್ನೂ ಆಳ ಅಗೆಸು. ಅದನ್ನು ಯಾರೂ ತುಂಬಿಸಿಲ್ಲ. ಬಾಯಿಗೆ ಒಂದು ಪರಸಿ ಕಲ್ಲು ಇಟ್ಟು ಮೇಲೆ ಮಣ್ಣು ಎಳೆದರು, ಅಷ್ಟೇ. ಎಳೆದದ್ದು ಅವ್ವ, ಅಪ್ಪ ಅಲ್ಲ.

ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ಗೊತ್ತು.

ಇಲ್ಲಿ ಎರಡು ಸಾಲು ಬರೆದು ಹೊಡೆದು ಹಾಕಿದ್ದೇನೆ. ಅಂಚೆಯವನ ಬುದ್ಧಿ ಬಿಟ್ಟು, ಬೆಳಕಿಗೆ ಹಿಡಿದು ಓದಬೇಡ.

ಕೆಲಸ ನಿಲ್ಲಿಸು. ಇಷ್ಟು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ, ಇದೊಂದು ಕೇಳುತ್ತಿದ್ದೇನೆ.

ಶಾರದಾಬಾಯಿ


ಆಳಂದ
12 ಏಪ್ರಿಲ್ 2025

ಅಕ್ಕನಿಗೆ,

ಕೆಲಸ ನಿಲ್ಲಿಸಲಿಲ್ಲ. ಮೊನ್ನೆ ಕಾಂಕ್ರೀಟ್ ಮುಗಿಯಿತು. ಎರಡು ಕಂಬ ನೆಟ್ಟಾಯಿತು, ಬಿಳಿ ಗೆರೆ ಎಳೆಯುವುದೊಂದೇ ಬಾಕಿ.

ನಿನ್ನ ಹೊಡೆದು ಹಾಕಿದ ಸಾಲುಗಳನ್ನು ಬೆಳಕಿಗೆ ಹಿಡಿದೆ, ಸುಳ್ಳೇಕೆ ಹೇಳಲಿ. "ಹಗ್ಗ" ಎಂಬುದೊಂದು ಬಿಟ್ಟು ಏನೂ ಕಾಣಲಿಲ್ಲ. ಒಗಟು ಹಾಕುವ ವಯಸ್ಸೇನು ನಮ್ಮದು?

ಇಲ್ಲಿ ಆದದ್ದನ್ನೆಲ್ಲ ಮುಚ್ಚಿಡದೆ ಬರೆಯುತ್ತೇನೆ. ರೋಲರ್ ಓಡಿಸುವಾಗ ಒಂದು ಕಡೆ ನೆಲ ನಾಲ್ಕು ಬೆರಳು ಕುಸಿಯಿತು. ಮುರುಮು ತುಂಬಿ ಮತ್ತೆ ಓಡಿಸಿದರು. ಕಾಂಕ್ರೀಟ್ ಹಾಕುವ ಮುಂಚೆ ನೀರು ಬಿಟ್ಟರೆ ಎಲ್ಲ ಕಡೆ ನಿಂತು, ಅಲ್ಲಿ ಮಾತ್ರ ಇಂಗಿಹೋಯಿತು. ಖಾಜಾ ಅನುಮಾನಪಟ್ಟ. "ಸಾಹೇಬ್ರ, ಇಲ್ಲಿ ನೆಲ ನೀರ ಕುಡ್ಯಾಕತ್ತದ್ರಿ. ಎರಡ ದಿನ ನಿಂದ್ರಸೂಣೇನ್ರಿ?" ಎಂದ. ನಾನು ಬೈದೆ. ನಮ್ಮ ಎರೆ ಮಣ್ಣು ಚೈತ್ರದಲ್ಲಿ ಬಿರಿದು ಕೈ ಹೋಗುವಷ್ಟು ಬಾಯಿ ಬಿಡುವುದು ಅವನು ಹೊಸದಾಗಿ ನೋಡುತ್ತಿದ್ದಾನೆಯೇ? ಮತ್ತೆ ಅದು ನಿನ್ನ ಇಪ್ಪತ್ತು ಹೆಜ್ಜೆಯ ಜಾಗವೂ ಅಲ್ಲ, ಅದಕ್ಕಿಂತ ಎಷ್ಟೋ ಈಚೆ.

ಈಗ ನೇರ ಕೇಳುತ್ತೇನೆ, ನೇರ ಉತ್ತರ ಕೊಡು. ಸಹಿಯ ಕಾಗದ ಕಳಿಸಿ ಎರಡು ತಿಂಗಳಾಯಿತು. ಅದಕ್ಕೆ ಉತ್ತರವಿಲ್ಲ, ಹಗೇವಿನ ಕಥೆಗೆ ಮಾತ್ರ ಉತ್ತರದ ಮೇಲೆ ಉತ್ತರ. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾಯದೆಯನ್ನು ನಿನಗೆ ಯಾರೋ ಓದಿ ಹೇಳಿರಬೇಕು. ಅದು ನಿನ್ನ ಹಕ್ಕು, ಬೇಕಾದರೆ ಬೇಕು ಎನ್ನು, ನಾನು ಗಂಡಸಿನ ಹಾಗೆ ಕೂತು ಮಾತಾಡುತ್ತೇನೆ. ಆದರೆ ಹುಡುಗಿಯ ಆಟಕ್ಕೆ ಅಡ್ಡ ಬಿದ್ದು, ಸತ್ತ ಅಪ್ಪ ಕೆಲಸ ಅರ್ಧಕ್ಕೆ ಬಿಟ್ಟ ಎಂದು ಹೇಳಿ ನನ್ನನ್ನು ತಡೆಯುವುದು ನಿನ್ನಂಥವಳಿಗೆ ಒಪ್ಪುವ ಕೆಲಸವಲ್ಲ. ನನಗೆ ಬಹಳ ನೋವಾಗಿದೆ.

ನಾಗಣ್ಣ


ಆಳಂದ
18 ಮೇ 2025

ಶಾರದಾಬಾಯಿ ಅಕ್ಕನಿಗೆ,

ಐದು ವಾರವಾಯಿತು, ನಿನ್ನ ಪತ್ರವಿಲ್ಲ. ಉತ್ತರ ಇಲ್ಲದಿರುವುದೂ ಒಂದು ಉತ್ತರ ಎಂದು ತಿಳಿದೆ.

ಆದರೂ ನಿನಗೆ ಬರೆಯದೆ ಕೈ ನಿಲ್ಲುವುದಿಲ್ಲ. ಕೋರ್ಟ್ ನೋಡಿದರೆ ನೀನೂ ಮೆಚ್ಚುತ್ತಿದ್ದೆ. ರಜೆಯಾದ್ದರಿಂದ ಓಣಿಯ ಹುಡುಗಿಯರೆಲ್ಲ ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿಯುತ್ತಾರೆ. ಖಾಜಾನ ಮಗಳು ಗುಲನಾಜ ಸೃಷ್ಟಿಯ ಜೋಡಿ. ಇಬ್ಬರೂ ಸೇರಿದರೆ ದೊಡ್ಡ ಹುಡುಗಿಯರೂ ಸೋಲುತ್ತಾರೆ. ಒಂದು ತಮಾಷೆ ಕೇಳು. ನೆಟ್ಟಿನ ಆಚೆ ಕಡೆಯ ನಡುಮಧ್ಯ ನೆಗೆದರೆ ನೆಲ ಹಲಗೆ ಬಾರಿಸಿದ ಹಾಗೆ ಢಬ್ ಎನ್ನುತ್ತದೆ. ಈಚೆ ಕಡೆ ಆ ಸದ್ದಿಲ್ಲ. ಹುಡುಗಿಯರು ಅದಕ್ಕೆ "ಹಲಗಿ ಕಡಿ" ಎಂದು ಹೆಸರಿಟ್ಟಿದ್ದಾರೆ. ಆ ಕಡೆ ನಿಲ್ಲಲು ದಿನಾ ಜಗಳ. ಮನೆ ಯಜಮಾನಿ ಎಂದು ಸೃಷ್ಟಿ ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ರಿಂಗ್ ಹಿಡಿದಾಗಲೆಲ್ಲ ಎರಡು ಸಲ ಕುಣಿದು ಬಾರಿಸುತ್ತಾಳೆ.

ಇನ್ನೊಂದು ಮಾತು. ಮಹೇಶಕುಮಾರನ ಕೈಯಲ್ಲಿ ಫೋನ್ ಮಾಡಿಸಬೇಡ. ಸಹಿ ಆದ ಕಾಗದ ಬರುವವರೆಗೆ ಈ ಮನೆಯಲ್ಲಿ ಯಾರೂ ಕೊಳಕೂರಿನ ಫೋನ್ ಎತ್ತಬಾರದು ಎಂದು ಹೇಳಿದ್ದೇನೆ. ಬಸವೇಶ್ವರಿಗೂ ಹೇಳಿದ್ದೇನೆ.

ನಾಗಣ್ಣ


ಘತ್ತರಗಿ
27 ಮೇ 2025, ಬೆಳಿಗ್ಗೆ

ನಾಗಣ್ಣ,

ಅಮಾವಾಸ್ಯೆಗೆಂದು ಭಾಗ್ಯವಂತಿ ಗುಡಿಗೆ ಬಂದಿದ್ದೇನೆ. ತೆಂಗಿನಕಾಯಿ ಅಂಗಡಿಯಲ್ಲಿ ಪೆನ್ನು ಕೇಳಿ ಬರೆಯುತ್ತಿದ್ದೇನೆ. ಅಫಜಲಪುರದ ಮೇಲೆ ಆಳಂದಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಜಗದೇವ ನಮ್ಮ ಊರಿನವನು. ಸಂಜೆಯೊಳಗೆ ನಿನ್ನ ಕೈಗೇ ಕೊಡುತ್ತೇನೆಂದು ಹೇಳಿದ್ದಾನೆ. ನಿಂತಲ್ಲೇ ಓದು.

ಇಪ್ಪತ್ತು ಹೆಜ್ಜೆ ಎಂದು ನಿನಗೆ ಬರೆದೆ. ಯಾರ ಹೆಜ್ಜೆ ಎಂದು ಬರೆಯಲಿಲ್ಲ. ನನಗೇ ಹೊಳೆದಿರಲಿಲ್ಲ. ಈಗ ಭೀಮೆಯ ಉಸುಕಿನಲ್ಲಿ ಮಹೇಶನ ಮಗಳು ನನ್ನ ಜೊತೆ ನೀರಿನ ತನಕ ನಡೆದಳು. ಒಂಬತ್ತು ವರ್ಷದ ಹುಡುಗಿ. ತಿರುಗಿ ನೋಡಿದರೆ ಉಸುಕಿನಲ್ಲಿ ನನ್ನ ಎರಡು ಹೆಜ್ಜೆಗೆ ಅವಳವು ಮೂರು. ನೋಡುತ್ತಲೇ ಅಲ್ಲೇ ಕೂತುಬಿಟ್ಟೆ. ಆ ಇಪ್ಪತ್ತು ಹೆಜ್ಜೆ ನಾನು ಎಣಿಸಿದ್ದು ಹತ್ತನೆಯ ವರ್ಷದಲ್ಲಿ. ಐವತ್ತಮೂರು ವರ್ಷ ಆ ಲೆಕ್ಕವನ್ನು ಹಾಗೇ ಇಟ್ಟುಕೊಂಡೆ. ನನ್ನ ಕಾಲು ಬೆಳೆದದ್ದನ್ನು ಅದಕ್ಕೆ ಸೇರಿಸಲೇ ಇಲ್ಲ. ನಿನ್ನ ಹೆಜ್ಜೆಯಲ್ಲಿ ಅದು ಹದಿಮೂರೋ ಹದಿನಾಲ್ಕೋ. ನೆಲ ನೀರು ಕುಡಿದದ್ದು ಅಲ್ಲೇ. ಢಬ್ ಎನ್ನುವುದು ಅಲ್ಲೇ. ಸೃಷ್ಟಿ ಕುಣಿಯುತ್ತಿರುವುದು ಹಗೇವಿನ ಬಾಯಿಯ ಮೇಲೆ.

ನಿನ್ನ ಪತ್ರದಲ್ಲಿ ಆ ಢಬ್ ಓದಿದ ಮೇಲೆ ಒಂದು ವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಈಗ ಕೂಡಿತು.

ನನ್ನ ಮಾತು ನಂಬುವುದಿಲ್ಲ ನೀನು, ಸಹಿಯೇ ಕಾರಣ ಎನ್ನುತ್ತೀಯ. ಆದ್ದರಿಂದ ಅವ್ವನಿಗೆ ಕೊಟ್ಟ ಆಣೆ ಮುರಿದು ಹೇಳುತ್ತೇನೆ. ಬರದ ವರ್ಷ ಜೋಳ ಎಲ್ಲಿಂದಲೋ ಬರಲಿಲ್ಲ, ಆ ಕುಣಿಯಿಂದ ಬಂತು. ಪ್ರತಿ ವರ್ಷ ಅದರೊಳಗೆ ಇಳಿಯುವವನು ಹುಲೆಪ್ಪ. ಆ ವರ್ಷ ಅಪ್ಪ ಹುಲೆಪ್ಪನನ್ನು ಕರೆಯಲಿಲ್ಲ. ಕರೆದರೆ ನಮ್ಮಲ್ಲಿ ಜೋಳ ಇದೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ಅಪ್ಪನ ಹೆಗಲು ಆ ಬಾಯಿಯಲ್ಲಿ ಹಿಡಿಯುತ್ತಿರಲಿಲ್ಲ. ನನ್ನ ನಡುವಿಗೆ ಹಗ್ಗ ಕಟ್ಟಿ ಇಳಿಸಿದ. "ಉಸಿರ ಬಿಗಿ ಹಿಡದು ಲಗೂನ ತುಂಬು," ಎಂದ. ನಾಲ್ಕು ಬುಟ್ಟಿ ತುಂಬಿ ಮೇಲೆ ಕಳಿಸಿದೆ. ಐದನೆಯದು ನೆನಪಿಲ್ಲ. ಎಚ್ಚರವಾದಾಗ ಅವ್ವ ನನ್ನ ಮೂಗಿಗೆ ಉಳ್ಳಾಗಡ್ಡಿ ಹಿಂಡುತ್ತಿದ್ದಳು. ಅದೇ ದಿನ ಅವಳು ಒಬ್ಬಳೇ ಪರಸಿ ಎಳೆದು ಬಾಯಿ ಮುಚ್ಚಿದಳು. ನನ್ನನ್ನು ಹೊಸ್ತಿಲಿಂದ ನಡೆಸಿ ಎಣಿಸಲು ಹೇಳಿದಳು, ಇನ್ನು ಆ ಜಾಗ ತುಳಿಯಬಾರದೆಂದು. ನಿನಗೆ ಎಂದಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಳು. "ಅವನಿಗರ ಅಪ್ಪ ಇರಲಿ," ಎಂದಳು.

ಮಳೆ ಹತ್ತಿದೆ. ಇಲ್ಲಿ ನಿನ್ನೆಯಿಂದ ಬಿಟ್ಟು ಬಿಟ್ಟು ಸುರಿಯುತ್ತಿದೆ, ಅಲ್ಲೂ ಬರುತ್ತಿರಬೇಕು. ಒಳಗಿನ ಮಣ್ಣು ಈಗ ನೆನೆಯುತ್ತದೆ. ಯಾರನ್ನೂ ಆ ಕಡೆ ಬಿಡಬೇಡ.

ಅಕ್ಕ


ಕೊಳಕೂರ
29 ಮೇ 2025

ನಾಗಣ್ಣ,

ಮೊನ್ನೆ ಸಂಜೆ ಐದಕ್ಕೆ ಪತ್ರ ನಿನ್ನ ಕೈಯಲ್ಲಿಟ್ಟೆ ಎಂದು ಜಗದೇವ ಮಹೇಶನಿಗೆ ಫೋನ್ ಮಾಡಿ ಹೇಳಿದ. ನೀನು ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಒಳಗೆ ಹೋದೆಯಂತೆ. ಓದಿದೆಯಾ? ಓದಿದ್ದರೆ ಒಂದು ಮಾತು ಹೇಳಿ ಕಳಿಸಲು ಏನಾಗಿದೆ ನಿನಗೆ?

ಮಹೇಶ ಎರಡು ದಿನದಿಂದ ಫೋನ್ ಹಚ್ಚುತ್ತಿದ್ದಾನೆ. ಅವನು ಪ್ರತಿ ಸಲ ಕಿವಿಯಿಂದ ಫೋನ್ ಇಳಿಸಿ ನನ್ನ ಕಡೆ ಕೈ ಅಲ್ಲಾಡಿಸುತ್ತಾನೆ. ನಾನೇ ಬರೋಣವೆಂದರೆ ಹಳ್ಳ ಬಂದು ಸೇತುವೆಯ ಮೇಲೆ ನೀರು, ನಿನ್ನೆಯಿಂದ ಬಸ್ಸಿಲ್ಲ. ಆಳಂದದಲ್ಲಿ ನಮ್ಮವರೆಂದು ಈಗ ನೀನೊಬ್ಬನೇ. ಬೇರೆ ಯಾರಿಗೆ ಹೇಳಿ ಕಳಿಸಲಿ? ಈ ಪತ್ರವೂ ಹಳ್ಳ ಇಳಿಯುವವರೆಗೆ ನನ್ನ ತಲೆದಿಂಬಿನ ಕೆಳಗೇ ಇರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ನನ್ನ ಕಣ್ಣ ಮುಂದೆ ಆ ಹುಡುಗಿ ಕುಣಿಯುತ್ತಾಳೆ.

ನಿನಗೆ ಸಿಟ್ಟಿದ್ದರೆ ನನ್ನ ಮೇಲೆ ಇಟ್ಟುಕೋ. ಅವಳನ್ನು ಒಳಗೆ ಕರೆ.


ಆಳಂದ
31 ಮೇ 2025

ಅಕ್ಕ,

ಸೃಷ್ಟಿ ಸುಖವಾಗಿದ್ದಾಳೆ. ಅದನ್ನು ಮೊದಲು ಓದು. ಬಸವೇಶ್ವರಿ ಇದನ್ನೇ ಫೋನಿನಲ್ಲಿ ಮಹೇಶನಿಗೂ ಹೇಳಿದ್ದಾಳೆ. ಉಳಿದದ್ದನ್ನು ನಾನೇ ಬರೆಯಬೇಕು.

ಜಗದೇವ ಕೊಟ್ಟ ಪತ್ರವನ್ನು ನಾನು ಒಡೆಯಲಿಲ್ಲ. ಮೂವತ್ತೇಳು ವರ್ಷ ಒಂದು ಪತ್ರವನ್ನೂ ಒಂದು ದಿನ ತಡ ಮಾಡದವನು, ನನ್ನ ಹೆಸರಿನ ಪತ್ರವನ್ನು ಮೂರು ದಿನ ದೇವರ ಜಗುಲಿಯ ಮೇಲೆ ಇಟ್ಟೆ. ಲಕೋಟೆ ತೆಳ್ಳಗಿತ್ತು, ಸಹಿಯ ಕಾಗದ ಅದರಲ್ಲಿ ಇಲ್ಲವೆಂದು ಮುಟ್ಟಿದಾಗಲೇ ಗೊತ್ತಾಯಿತು. ಅಷ್ಟಕ್ಕೇ ಸಿಟ್ಟು.

ಮೂರು ದಿನ ಮಳೆ ಬಿಡಲಿಲ್ಲ, ಮಕ್ಕಳು ಹೊರಗೆ ಬರಲಿಲ್ಲ. ಅವಳನ್ನು ಉಳಿಸಿದ್ದು ಆ ಮಳೆ, ನಾನಲ್ಲ. ನಿನ್ನೆ ಮುಂಜಾನೆ ಹೊಳವಾಯಿತು. ಪೂಜೆಗೆ ಊದುಬತ್ತಿ ತರಲು ಹೋದ ಸೃಷ್ಟಿ ಜಗುಲಿಯ ಮೇಲೆ ಲಕೋಟೆ ನೋಡಿ ಒಡೆದು ಓದಿದಳು. ಎಲ್ಲವನ್ನೂ ಓದಿದಳು, ಅಕ್ಕ. ನಾನು ಹಿಂದಿನ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ನನ್ನ ಪಕ್ಕದಿಂದ ಬಂದು ಹೊಸ್ತಿಲಿಗೆ ಹಿಮ್ಮಡಿ ಹಚ್ಚಿ ನಡೆಯಲು ಶುರು ಮಾಡಿದಳು. ಬಾಯಿ ಬಿಟ್ಟು ಎಣಿಸುತ್ತಿದ್ದಳು. ಹೊಸ ಆಟವೆಂದು ನಾನು ನೋಡುತ್ತಾ ನಿಂತೆ. ನೆಟ್ಟಿನ ಕೆಳಗೆ ಬಗ್ಗಿ ದಾಟಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ನಿಂತು ನನ್ನ ಕಡೆ ತಿರುಗಿದಳು. ದಿನಾ ನಿಲ್ಲುವ ಜಾಗದಲ್ಲೇ ನಿಂತಿದ್ದಳು.

"ಮುತ್ಯಾ, ದೊಡ್ಡಾಯಿ ಸಣ್ಣಾಕಿ ಇದ್ದಾಗ ಎಣಿಸಿದ್ದಂತ. ಇಲ್ಲೇ ಅದ," ಎಂದಳು.

ಅವಳ ಕಾಲಿನ ಸುತ್ತ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಗುಂಡಗೆ, ಒಂದು ಪರಾತದಷ್ಟು. ಮಳೆ ನೀರು ಅದರೊಳಗೆ ಇಳಿಯುತ್ತಿತ್ತು. ಕೂಗಿದರೆ ಅವಳು ಓಡಿ ಬರುತ್ತಾಳೆ, ಓಡಿದರೆ ನೆಲ ಅದುರುತ್ತದೆ. ನನ್ನ ಬಾಯಲ್ಲಿ ಹಲ್ಲುಪುಡಿ ಇತ್ತು. "ಅವ್ವಿ, ಕುಣಿಬ್ಯಾಡ. ಮೆಲ್ಲಕ ಬಾ. ಬೆಕ್ಕ ಬಂದಂಗ ಬಾ," ಎಂದೆ. ಅವಳು ಬಂದಳು. ಆ ಇಪ್ಪತ್ತು ಹೆಜ್ಜೆ ಮುಗಿಯುವಷ್ಟರಲ್ಲಿ ನಾನು ಮುದುಕನಾದೆ.

ಒಂಬತ್ತಕ್ಕೆ ಖಾಜಾ ಬಂದ. ದೂರ ನಿಂತು ಉದ್ದನೆಯ ಹಾರೆಯಿಂದ ಎರಡು ಏಟು ಹಾಕಿದ. ಮೂರನೆಯದು ಬೇಕಾಗಲಿಲ್ಲ. ಒಂದು ಹೊರಸಿನಷ್ಟು ಕಾಂಕ್ರೀಟ್ ಒಮ್ಮೆಲೇ ಒಳಗೆ ಹೋಯಿತು. ಅವ್ವ ಇಟ್ಟ ಪರಸಿ ಮೊದಲೇ ಎರಡು ಹೋಳಾಗಿತ್ತು. ರೋಲರ್ ಓಡಿಸಿದ ದಿನ ಆಗಿರಬೇಕು ಎಂದ ಖಾಜಾ. ಅವನೂ ಗೋಡೆ ಹಿಡಿದು ಕೂತ. ಗುಲನಾಜಳೂ ಅಲ್ಲಿ ಆಡಿದವಳೇ.

ಒಳಗೆ ಬಿದ್ದ ತುಂಡು ತೆಗೆಯಲು ಒಬ್ಬ ಕೂಲಿಯವನು ಇಳಿಯುತ್ತೇನೆಂದ. ಖಾಜಾ ತಡೆದು ಮೊದಲು ಕಂದೀಲು ಕೇಳಿದ. ಅಟ್ಟದ ಮೇಲಿಂದ ಹಳೆಯದನ್ನು ತಂದು ಹಗ್ಗ ಕಟ್ಟಿ ಇಳಿಸಿದೆವು. ಎರಡು ಮಾರು ಇಳಿಯುವಷ್ಟರಲ್ಲಿ ಆರಿತು. ಗಾಳಿಗೆ ಆರಿರಬೇಕು ಎಂದೆ ನಾನು. ಮತ್ತೆ ಹಚ್ಚಿ ಇಳಿಸಿದೆವು. ಅಲ್ಲೇ ಆರಿತು. ಆಗ ಖಾಜಾ, "ಸಾಕ್ರಿ ಸಾಹೇಬ್ರ. ಒಳಗಿನ ಗಾಳಿನೇ ಕೆಟ್ಟದ್ರಿ. ದೀಪ ಉಳಿಲಾರದ ಕಡಿ ಮನಶ್ಯಾನ ಇಳಸಬಾರದ್ರಿ. ಇದು ನಮ್ಮ ಮಂದಿಗಿ ಸಣ್ಣ ಹುಡುಗರಿಗೂ ಗೊತ್ತದ್ರಿ," ಎಂದ. ಯಾರನ್ನೂ ಇಳಿಸಲಿಲ್ಲ. ಮೇಲಿನಿಂದಲೇ ಎಂಟು ಟ್ರ್ಯಾಕ್ಟರ್ ಮುರುಮು ಸುರಿದಿದ್ದೇವೆ, ಇನ್ನೂ ಬೇಕು.

ಕಂದೀಲಿನ ಹಗ್ಗ ನನ್ನ ಕೈಯಲ್ಲಿತ್ತು. ಅದು ಆರಿದಾಗ ಹಗ್ಗದ ತೂಕ ಹಾಗೇ ಇತ್ತು, ಬೆಳಕೊಂದೇ ಹೋಯಿತು. ಅಪ್ಪನ ಕೈಯಲ್ಲೂ ಹಾಗೇ ಇದ್ದಿರಬೇಕು. ಆ ರೊಟ್ಟಿಯನ್ನು ನಾನು ಕೇಳಿ ಕೇಳಿ ತಿಂದಿದ್ದೇನೆ. ನಿನಗೆ ಜ್ವರ, ನೀನು ತಿನ್ನುವುದಿಲ್ಲ ಎಂದು ನಿನ್ನ ಪಾಲನ್ನೂ ಅವ್ವ ನನಗೆ ಹಾಕಿದ್ದಳು. ನಿನ್ನೆಯಿಂದ ಅದು ಗಂಟಲಿನಲ್ಲಿ ನಿಂತಿದೆ.

ಹೆಸರು ಬರೆಯಲು ಬಂದ ಪೇಂಟರನನ್ನು ವಾಪಸು ಕಳಿಸಿದೆ. ಒಂದು ಮಾತು ಕೇಳುತ್ತೇನೆ, ಬೇಕಾದರೆ ಉತ್ತರ ಕೊಡು, ಇಲ್ಲದಿದ್ದರೆ ಹೊಡೆದು ಹಾಕು, ಬೆಳಕಿಗೆ ಹಿಡಿಯುವುದಿಲ್ಲ. ನಿನ್ನನ್ನು ಇಳಿಸುವ ಮುಂಚೆ ಅಪ್ಪ ಕಂದೀಲು ಇಳಿಸಿ ನೋಡಿದ್ದನಾ?

ನಾಗಣ್ಣ


ಕೊಳಕೂರ
9 ಜೂನ್ 2025

ನಾಗಣ್ಣನಿಗೆ ಅಕ್ಕನ ಆಶೀರ್ವಾದ.

ನೋಡಿದ್ದ. ಎರಡು ಸಲ ಇಳಿಸಿದ, ಎರಡು ಸಲವೂ ಆರಿತು. ಮೂರನೆಯ ಸಲಕ್ಕೆ ಕಂದೀಲಿನಿಂದ ಹಗ್ಗ ಬಿಚ್ಚಿ ನನ್ನ ನಡುವಿಗೆ ಕಟ್ಟಿದ. ಕಟ್ಟಿದ ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ. ಅದನ್ನೂ ಹೇಳುತ್ತೇನೆ, ಬರೀ ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ. ಒಳಗೆ ನೀನು ಹಸಿವೆಗೆ ಅಳುತ್ತಿದ್ದೆ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಿನ್ನ ಮೇಲೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ರೊಟ್ಟಿಯನ್ನು ನುಂಗಿಬಿಡು.

ಜ್ವರ ಇರಲಿಲ್ಲ ನನಗೆ. ಆ ಜೋಳದ ವಾಸನೆಗೆ ಬಾಯಿ ಒಲ್ಲೆನ್ನುತ್ತಿತ್ತು.

ಸಹಿಯ ಕಾಗದವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ನಾನು ಪಾಲು ಕೇಳುವವಳಲ್ಲ. ಒಂದು ಇಟ್ಟಂಗಿಯೂ ಬೇಡ. ನಾನು ಸತ್ತ ಮೇಲೆ ಮಹೇಶ ಕೇಳದ ಹಾಗೆ ಬರೆದೂ ಕೊಡುತ್ತೇನೆ. ಆದರೆ ನಾನು ಬದುಕಿರುವ ತನಕ ಆ ಮನೆಯ ಮೇಲೆ ನನಗೇನೂ ಹಕ್ಕಿಲ್ಲ ಎಂದು ನನ್ನ ಕೈಯಿಂದ ಬರೆಸಬೇಡ. ಆ ಒಂದು ಮಾತು ಬರೆಯಲು ನನ್ನಿಂದ ಆಗುವುದಿಲ್ಲ. ಫೆಬ್ರುವರಿಯಲ್ಲೇ ಹೇಳಬೇಕಿತ್ತು. ಹೇಳಿದರೆ ಏಕೆ ಎಂದು ಕೇಳುತ್ತಿದ್ದೆ, ಕೇಳಿದರೆ ಎಲ್ಲ ಹೇಳಬೇಕಿತ್ತು. ಸುಮ್ಮನಿದ್ದೆ, ಆ ಸುಮ್ಮನಿದ್ದದ್ದಕ್ಕೆ ಹುಡುಗಿ ಹೋಗುತ್ತಿದ್ದಳು. ಅದು ನನ್ನ ತಪ್ಪು.

ಕೋರ್ಟನ್ನು ಬಿಡಬೇಡ. ತುಂಬಿಸಿ, ಎರಡು ಮಳೆಗೆ ಬಿಟ್ಟು, ಮಣ್ಣು ಕೂತ ಮೇಲೆ ಮತ್ತೆ ಹಾಕಿಸು. ಆಗಸ್ಟಿನ ಆಯ್ಕೆ ಹೋದರೆ ಹೋಗಲಿ, ಮುಂದಿನ ವರ್ಷವೂ ಆಗಸ್ಟ್ ಬರುತ್ತದೆ. ಆ ತನಕ ಈಚೆ ಅರ್ಧದಲ್ಲಿ ಗೋಡೆಗೆ ಎಸೆದು ಹಿಡಿಯಲಿ.

ಕೆಲಸ ಮುಗಿದ ದಿನ ಹೇಳಿ ಕಳಿಸು, ಬರುತ್ತೇನೆ. ಯಾರನ್ನಾದರೂ ಒಳಗೆ ಬಿಡುವ ಮುಂಚೆ ಹೊಸ್ತಿಲಿಂದ ನಾನು ನಡೆಯುತ್ತೇನೆ. ಈಗಿನ ನನ್ನ ಹೆಜ್ಜೆಯಲ್ಲಿ ಎಷ್ಟಾಗುತ್ತದೋ ಸೃಷ್ಟಿ ಎಣಿಸಲಿ. ಅಲ್ಲಿ ಹೋಗಿ ಎರಡು ಸಲ ಕುಣಿದು ನೋಡುತ್ತೇನೆ. ಸದ್ದು ನನಗೆ ಕೇಳುವುದಿಲ್ಲ, ನೀನು ಬಾಗಿಲಲ್ಲಿ ನಿಂತು ಕೇಳಿಸಿಕೋ.

ಅಕ್ಕ ಶಾರದಾಬಾಯಿ